ಬಟನ್ ಒತ್ತಿದರೆ ಆಯಿತಲ್ಲ!

"ಅದರಲ್ಲೇನಿದೆ ಮೇಡಂ? ಒಂದು ಫೈಲನ್ನು ಇನ್ನೊಂದು ಫೈಲು ಮಾಡೋದು ತಾನೆ? ಬಟನ್ ಒತ್ತಿದರೆ ಆಯಿತಲ್ಲ!"

ಮೂರು ವಾರದ ದುಡಿಮೆಗೆ ನಾನು ಬಿಲ್ಲು ಕಳಿಸಿದಾಗ ಫೋನಿನ ಆ ಕಡೆಯಿಂದ ಬಂದ ಮಾತು ಇದು. ಸಿಟ್ಟು ಬರಬೇಕಿತ್ತು, ಬಂದದ್ದು ನಗು. "ಈಗಿನವರಿಗೇನು ಕಷ್ಟ? ಮಿಕ್ಸಿ ಇದೆ, ಕುಕ್ಕರ್ ಇದೆ, ಅಡುಗೆ ತಾನಾಗಿ ಆಗುತ್ತೆ" ಎನ್ನುವವರು ನಿಮ್ಮ ಮನೆಯಲ್ಲೂ ಇದ್ದಾರಲ್ಲವೆ? ಇದೂ ಅದೇ ರಾಗ. ಸಿಟ್ಟು ಬಂದದ್ದು ರಾತ್ರಿ, ಪಾತ್ರೆ ತೊಳೆಯುವಾಗ.

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಇಂಜಿನಿಯರುಗಳು ವಿಮಾನದ ಮಾದರಿಯನ್ನು ಕಂಪ್ಯೂಟರಿನಲ್ಲಿ ಕ್ಯಾಡ್ ತಂತ್ರಾಂಶದಿಂದ ಬಿಡಿಸುತ್ತಾರೆ. ಅದು ವಿಮಾನ ತಯಾರಿಸುವುದಕ್ಕೆ. ಅದನ್ನೇ ಫ್ಲೈಟ್ ಸಿಮ್ಯುಲೇಟರಿಗೆ, ಅಂದರೆ ನೆಲದ ಮೇಲೆ ಕೂತೇ ಹಾರಾಟ ಕಲಿಸುವ ಯಂತ್ರಕ್ಕೆ, ಒಗ್ಗಿಸಿಕೊಡುವುದು ನನ್ನ ಪಾಲಿನದು. ಈ ಸಲ ಬಂದದ್ದು ಇಬ್ಬರು ಕೂರುವ ಪುಟ್ಟ ತರಬೇತಿ ವಿಮಾನ. ಬೆಂಗಳೂರಿನ ಎನ್.ಎ.ಎಲ್. ರೂಪಿಸಿದ ಹಂಸ-3 ಇದೆಯಲ್ಲ, ಅಂಥದ್ದೇ ಗಾತ್ರದ್ದು ಎಂದುಕೊಳ್ಳಿ.

ಕ್ಯಾಡ್‌ನಲ್ಲಿ ರೆಕ್ಕೆಯ ಬಾಗು ಎಂದರೆ ಗಣಿತದ ಸೂತ್ರ. ಎಷ್ಟು ಹತ್ತಿರ ಹೋಗಿ ನೋಡಿದರೂ ನುಣುಪು. ಸಿಮ್ಯುಲೇಟರಿನ ಪರದೆಗೆ ಸೂತ್ರ ತಿಳಿಯದು, ಅದಕ್ಕೆ ಬೇಕಾದ್ದು ತ್ರಿಕೋನಗಳು. ಚುಕ್ಕಿಗಳನ್ನು ನೇರ ಗೆರೆಗಳಿಂದಲೇ ಸೇರಿಸಿ ದುಂಡನೆಯ ಹೂ ಬರಿಸಬೇಕೆಂದರೆ ಏನು ಮಾಡುತ್ತೀರಿ? ಚುಕ್ಕಿ ಹೆಚ್ಚಿಸುತ್ತೀರಿ. ಆದರೆ ಬೆಳಗಾಗುವುದರೊಳಗೆ ರಂಗೋಲಿ ಮುಗಿಯಬೇಕು. ಸಿಮ್ಯುಲೇಟರಿನಲ್ಲಿ ಸೆಕೆಂಡಿಗೆ 60 ಸಲ ಬೆಳಗಾಗುತ್ತದೆ! ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದೊಂದಕ್ಕೂ ಸಿಗುವುದು ಸುಮಾರು 17 ಮಿಲಿಸೆಕೆಂಡು. ಅಷ್ಟರೊಳಗೆ ನನ್ನ ವಿಮಾನವಷ್ಟೇ ಅಲ್ಲ, ರನ್‌ವೇ, ಮೋಡ, ಕೆಳಗಿನ ಊರು ಎಲ್ಲವೂ ಮೂಡಬೇಕು.

ಬಟನ್ ಒತ್ತಿದ್ದು ನಿಜ. ಒತ್ತಿದೊಡನೆ ಲಕ್ಷಗಟ್ಟಲೆ ತ್ರಿಕೋನಗಳು ಸುರಿದವು. ಅವುಗಳಲ್ಲಿ ದೊಡ್ಡ ಪಾಲು ಬೋಲ್ಟು, ನಟ್ಟು, ರಿವೆಟ್ಟುಗಳದ್ದು. ಅಳತೆ ನೋಡಿದರೆ ಇನ್ನೂ ಚೆನ್ನ. ಕ್ಯಾಡ್‌ನವರ ಲೆಕ್ಕ ಮಿಲಿಮೀಟರಿನಲ್ಲಿ, ಸಿಮ್ಯುಲೇಟರಿನದು ಮೀಟರಿನಲ್ಲಿ. ಎಂಟು ಮೀಟರ್ ಉದ್ದದ ವಿಮಾನ ಎಂಟು ಕಿಲೋಮೀಟರ್ ಉದ್ದವಾಗಿ, ಮೂಗು ಮೇಲೆ ಮಾಡಿಕೊಂಡು ಬಾಲದ ಮೇಲೆ ನಿಂತಿತ್ತು. ಒಂದು ರೆಕ್ಕೆಯ ಮೇಲ್ಮೈ ಮಾಯ. ಸೀರೆಗಿರುವಂತೆ ತ್ರಿಕೋನಕ್ಕೂ ಒಳಮೈ, ಹೊರಮೈ ಉಂಟು. ತಿರುವುಮುರುವಾದರೆ ಕಣ್ಣಿಗೆ ಕಾಣುವುದೇ ಇಲ್ಲ.

ತ್ರಿಕೋನಗಳನ್ನು ಕಡಿಮೆ ಮಾಡುವುದಕ್ಕೂ ಒಂದು ಬಟನ್ ಇದೆ. ಪಾಪ, ಅದಕ್ಕೆ ಎಲ್ಲವೂ ಒಂದೇ. ಎಲ್ಲರಿಗೂ ಕಾಣುವ ರೆಕ್ಕೆಯ ಅಂಚನ್ನು ಮೊಂಡು ಮಾಡಿ, ಯಾರಿಗೂ ಕಾಣದ ಬೋಲ್ಟಿನ ಸುರುಳಿಯನ್ನು ಜೋಪಾನವಾಗಿ ಉಳಿಸುತ್ತದೆ. ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ನಾನೇ ಕೂತು ಆರಿಸಬೇಕು. ಅದೂ ಹತ್ತಿರಕ್ಕೊಂದು, ದೂರಕ್ಕೊಂದು, ಬಹಳ ದೂರಕ್ಕೊಂದು ಎಂದು ಮೂರು ರೂಪ.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ನನಗೆ ಬಂದ ಫೈಲಿನಲ್ಲಿ ಬಿಡಿಭಾಗಗಳ ಆಕಾರ ಇತ್ತು, ಅವು ಹೇಗೆ ತಿರುಗುತ್ತವೆ ಎಂಬುದು ಇರಲಿಲ್ಲ. ರೆಕ್ಕೆಯ ಹಿಂದಂಚಿನಲ್ಲಿ ಐಲರಾನ್ ಎಂಬ ಪಟ್ಟಿ ಇರುತ್ತದೆ. ಕೋಲನ್ನು ಎಡಕ್ಕೆ ವಾಲಿಸಿದರೆ ಎಡಗಡೆಯದು ಮೇಲೇಳಬೇಕು, ಬಲಗಡೆಯದು ಇಳಿಯಬೇಕು. ಆ ಪಟ್ಟಿ ಯಾವ ಗೆರೆಯ ಸುತ್ತ ತಿರುಗುತ್ತದೆ ಎಂದು ಹುಡುಕಿದ್ದು ನಾನು. ಸುಳಿವು ಸಿಕ್ಕಿದ್ದೆಲ್ಲಿ ಗೊತ್ತೆ? ಕಸವೆಂದು ಎಸೆಯಬೇಕಿದ್ದ ಕೀಲಿನ ಪುಟ್ಟ ಪಿನ್ನಿನಲ್ಲಿ! ಮೊದಲೇ ಗುಡಿಸಿ ಹಾಕಿದ್ದರೆ ಐಲರಾನ್ ರೆಕ್ಕೆಯನ್ನು ಸೀಳಿಕೊಂಡು ಓಡಾಡುತ್ತಿತ್ತು. ಎಸೆಯುವ ಮುಂಚೆ ನೋಡಬೇಕೆಂದು ಯಾವ ಬಟನ್ ಹೇಳುತ್ತದೆ?

ನನ್ನ ಕೆಲಸವನ್ನು ನಾನು ದೊಡ್ಡದು ಮಾಡುತ್ತಿಲ್ಲ. ಈ ಆಕಾರ ತಾನಾಗಿ ಹಾರುವುದಿಲ್ಲ. ಹಾರಾಟದ ಲೆಕ್ಕ ಹಾಕುವ ತಂತ್ರಾಂಶ ಬೇರೆ, ಅದನ್ನು ಮಾಡುವವರೂ ಬೇರೆ. ಆದರೆ ಕಲಿಯುವ ಹುಡುಗಿ ಕಿಟಕಿಯಿಂದ ರೆಕ್ಕೆಯತ್ತ ನೋಡಿ, ಕೋಲು ಎಳೆದ ಕಡೆಗೆ ಐಲರಾನ್ ಸರಿಯಾಗಿ ಏಳುತ್ತಿದೆಯೇ ಎಂದು ಪರೀಕ್ಷಿಸುತ್ತಾಳಲ್ಲ, ಆಗ ಅವಳು ನಂಬುವುದು ನನ್ನ ಕೈಕೆಲಸವನ್ನು. ತಪ್ಪು ತೋರಿಸಿದರೆ ತಪ್ಪನ್ನೇ ಕಲಿಯುತ್ತಾಳೆ.

ಮುಂದೆ ಇದನ್ನೆಲ್ಲ ಯಂತ್ರವೇ ಮಾಡುತ್ತದೆ ಎನ್ನುವವರಿದ್ದಾರೆ. ಮಾಡಲಿ, ಬೆನ್ನುನೋವು ತಪ್ಪುತ್ತದೆ. ಮಾಡಿದ್ದು ಸರಿಯೆಂದು ಸಹಿ ಹಾಕುವವರು ಯಾರು? ಆಗಲೂ ಒಬ್ಬಳು ಕೂತು ಕಣ್ಣಾಡಿಸಬೇಕಲ್ಲ! ಅದಕ್ಕೆ ಬೆಲೆಯಿಲ್ಲವೆ?

ಈ ಕಥೆ ಹೊಸದೂ ಅಲ್ಲ. ಅಮೆರಿಕದ ಎನಿಯಾಕ್ ಎಂಬ ಕಂಪ್ಯೂಟರಿಗೆ ಲೆಕ್ಕ ಹೂಡಿಕೊಟ್ಟವರು ಆರು ಮಂದಿ ಹೆಂಗಸರು. 1946ರಲ್ಲಿ ಅದನ್ನು ಲೋಕಕ್ಕೆ ತೋರಿಸಿದಾಗ ಹೊಗಳಿಕೆ ಹೋದದ್ದು ಯಂತ್ರಕ್ಕೆ ಮತ್ತು ಅದನ್ನು ಕಟ್ಟಿದ ಗಂಡಸರಿಗೆ. ಆ ಆರು ಹೆಸರುಗಳು ಜನಕ್ಕೆ ತಿಳಿಯಲು ದಶಕಗಳೇ ಹಿಡಿದವು.

ನನ್ನ ಸಿಟ್ಟು ಫೋನಿನ ಆ ಮಹಾಶಯರ ಮೇಲಷ್ಟೇ ಅಲ್ಲ, ನನ್ನ ಮೇಲೂ ಇದೆ. "ಏನು ಕೆಲಸ ಮಾಡ್ತೀರಿ?" ಎಂದು ಮದುವೆಮನೆಯಲ್ಲಿ ಯಾರಾದರೂ ಕೇಳಿದರೆ, "ಏನಿಲ್ಲ, ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಏನೋ ಸ್ವಲ್ಪ" ಎಂದವಳು ನಾನೇ. ಬಿಲ್ಲಿನಲ್ಲಿ "ಫೈಲ್ ಕನ್ವರ್ಷನ್: 1" ಎಂದು ಬರೆದವಳೂ ನಾನೇ. ನಾನೇ ಏನಿಲ್ಲ ಎಂದ ಮೇಲೆ ಅವರು ಏನೋ ಇದೆ ಎಂದಾರೆಯೇ?

ಆ ಬಿಲ್ಲನ್ನು ಹರಿದು ಇನ್ನೊಂದು ಬರೆದೆ. ಅಳತೆ ತಿದ್ದಿದ್ದು ಇಷ್ಟು ಗಂಟೆ, ಭಾಗ ಆರಿಸಿದ್ದು ಇಷ್ಟು, ಮೂರು ರೂಪ ಕಟ್ಟಿದ್ದು ಇಷ್ಟು, ಕೀಲು ಹುಡುಕಿ ಪರೀಕ್ಷಿಸಿದ್ದು ಇಷ್ಟು. ಒಂದು ಪುಟ ತುಂಬಿತು. ಹಣ ಪೂರ್ತಿ ಬಂತೆನ್ನಲಾರೆ, ಮುಕ್ಕಾಲು ಬಂತು. ಮುಂದಿನ ಕೆಲಸ ಕೊಡುವಾಗ ಮಾತ್ರ "ಎಷ್ಟು ದಿನ ಬೇಕು ಮೇಡಂ?" ಎಂದು ಮೊದಲೇ ಕೇಳಿದರು.

ನೀವು ಹೊಲಿಯುವವರಿರಬಹುದು, ಹಪ್ಪಳ ಮಾಡುವವರಿರಬಹುದು, ಲೆಕ್ಕ ಬರೆಯುವವರಿರಬಹುದು. ಮುಂದಿನ ಸಲ ಯಾರಾದರೂ "ಅದರಲ್ಲೇನಿದೆ?" ಎಂದರೆ ನಕ್ಕು ಸುಮ್ಮನಾಗಬೇಡಿ. ಏನೇನಿದೆ ಎಂದು ಒಂದೊಂದಾಗಿ ಬರೆದು, ಮುಂದೆ ಗಂಟೆ ಹಾಕಿ, ಅವರ ಕೈಗೆ ಕೊಡಿ.