ನಾಯಿಮರಿಯ ತುರಿಕೆಗೆ ಹೊಲದ ಎಣ್ಣೆ ಬೇಡ

ಮಸ್ಕಿಯಿಂದ ಆರನೇ ತರಗತಿಯ ಹುಡುಗಿಯೊಬ್ಬಳು ಪತ್ರ ಬರೆದಿದ್ದಾಳೆ: “ಡಾಕ್ಟರ್ ಕಾಕಾ, ನಮ್ಮ ಮನಿಯಾಗ ಒಂದು ಸಣ್ಣ ಟೆರಿಯರ್ ನಾಯಿ ಐತಿ. ಹದಿನೈದು ದಿನದಿಂದ ಒಂದೇ ಸವನ ತುರಿಸಿಕೊಳ್ಳಾಕ ಹತ್ತೈತಿ. ಕಿವಿ ಅಂಚಿನ ಕೂದಲೆಲ್ಲ ಉದುರ್ಯಾವು. ಈಗ ನನ್ನ ಕೈಮ್ಯಾಲೂ ಗುಳ್ಳಿ ಎದ್ದಾವು. ಹೊಲಕ್ಕ ಹೊಡಿಯೋ ಎಣ್ಣಿ ಉಳದೈತಿ, ನೀರಿಗೆ ಹಾಕಿ ಅದರ ಮೈ ತೊಳಿಯೋಣ ಅಂತಾನ ಅಪ್ಪ. ಊರ ಹೊರಗ ಬಿಟ್ಟು ಬರೋಣ ಅಂತಾಳ ಅವ್ವ. ನಾ ಏನ್ ಮಾಡ್ಲಿ?”

ತಂಗಿ, ಮೊದಲು ಎರಡು ಮಾತು. ಆ ಎಣ್ಣೆ ಹಚ್ಚಬೇಡಿ. ನಾಯಿಯನ್ನು ಬಿಟ್ಟು ಬರಲೂಬೇಡಿ. ಯಾಕೆಂದು ಹೇಳುತ್ತೇನೆ. ಇದನ್ನು ಅಪ್ಪ, ಅವ್ವನಿಗೂ ಓದಿ ಹೇಳು.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುವ ನಿಮ್ಮ ಭಾಗದಲ್ಲಿ ಭತ್ತ, ಹತ್ತಿ ಬೆಳೆಯುವ ಮನೆಗಳಲ್ಲಿ ಕೀಟನಾಶಕದ ಡಬ್ಬಿ ಇರುವುದು ಸಹಜ. ಉಣ್ಣಿ, ಕಜ್ಜಿ ಕಂಡ ಕೂಡಲೇ ಕೈ ಅತ್ತ ಹೋಗುತ್ತದೆ. ಆದರೆ ಕೀಟದ ನರಗಳನ್ನು ಕೆಡಿಸುವ ಅನೇಕ ಔಷಧಗಳು ನಾಯಿಯ ನರಗಳನ್ನೂ ಕೆಡಿಸುತ್ತವೆ, ನಮ್ಮ ನರಗಳನ್ನೂ ಕೆಡಿಸುತ್ತವೆ. ವಿಷ ಚರ್ಮದ ಮೂಲಕ ಒಳಗೆ ಹೋಗುತ್ತದೆ. ನಾಯಿ ಮೈ ನೆಕ್ಕಿಕೊಂಡಾಗ ಬಾಯಿಯ ಮೂಲಕವೂ ಹೋಗುತ್ತದೆ. ನಾಯಿ ಸಣ್ಣದಾದಷ್ಟೂ ಅಪಾಯ ಹೆಚ್ಚು. ಏಳೆಂಟು ಕಿಲೋ ತೂಕದ ನಾಯಿಗೆ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಜಾಸ್ತಿ. ದೊಡ್ಡ ನಾಯಿ ತಡೆದುಕೊಳ್ಳಬಹುದಾದಷ್ಟು ವಿಷವೂ ಅದರ ಜೀವ ತೆಗೆಯಬಲ್ಲದು.

ಯಾರಾದರೂ ಈಗಾಗಲೇ ಹಚ್ಚಿದ್ದರೆ ಜೊಲ್ಲು ಸುರಿಯುವುದು, ವಾಂತಿ, ಮೈ ನಡುಗುವುದು, ತೂರಾಡುವುದು, ಉಸಿರಾಟಕ್ಕೆ ಕಷ್ಟವಾಗುವುದು ಕಾಣಿಸಬಹುದು. ಆಗ ದೊಡ್ಡವರು ಕೈಗವಸು ಹಾಕಿಕೊಂಡು ಪಾತ್ರೆ ತೊಳೆಯುವ ದ್ರವ ಮತ್ತು ಸಾಕಷ್ಟು ನೀರಿನಿಂದ ಅದರ ಮೈ ತೊಳೆಯಬೇಕು. ತಡಮಾಡದೆ ಪಶು ಆಸ್ಪತ್ರೆಗೆ ಒಯ್ಯಬೇಕು. ಡಬ್ಬಿಯನ್ನೂ ಜೊತೆಗೆ ಒಯ್ದರೆ ಯಾವ ವಿಷವೆಂದು ವೈದ್ಯರಿಗೆ ಬೇಗ ತಿಳಿಯುತ್ತದೆ.

ಗ್ಯಾರೇಜಿನ ಸುಟ್ಟ ಎಂಜಿನ್ ಆಯಿಲ್ ಕೂಡ ಕಜ್ಜಿಗೆ ಮದ್ದಲ್ಲ. ಹಚ್ಚಿದ ಮೇಲೆ ಕಡಿಮೆಯಾದಂತೆ ಕಂಡರೂ ಅದರಲ್ಲಿರುವ ವಿಷದ ಅಂಶಗಳು ನೆಕ್ಕಿದಾಗ ಹೊಟ್ಟೆಗೆ ಹೋಗುತ್ತವೆ. ಸೀಮೆಎಣ್ಣೆ, ಫಿನೈಲ್‌ಗೂ ಇದೇ ಮಾತು. ದನಕ್ಕೆ ತಂದ ಚುಚ್ಚುಮದ್ದನ್ನೂ ಅಂದಾಜಿನ ಮೇಲೆ ಕೊಡಬಾರದು. ಅದರ ಅಳತೆ ನೂರಾರು ಕಿಲೋ ತೂಕದ ಪ್ರಾಣಿಗೆ ಮಾಡಿದ್ದು.

ಹಾಗಾದರೆ ಮಾಡುವುದೇನು? ಮೊದಲು ತುರಿಕೆಯ ಕಾರಣ ಹುಡುಕಬೇಕು. ತುರಿಕೆ ಎಂಬುದೇ ಒಂದು ರೋಗವಲ್ಲ, ಹಲವು ರೋಗಗಳ ಗುರುತು. ಟೆರಿಯರ್ ಎಂಬ ಹೆಸರು ಭೂಮಿ ಎಂಬ ಅರ್ಥದ ಲ್ಯಾಟಿನ್ ಪದ ‘ಟೆರಾ’ದಿಂದ ಬಂದಿದೆ. ಬಿಲ ತೋಡಿ ಇಲಿ, ಹೆಗ್ಗಣ, ನರಿಗಳನ್ನು ಹಿಡಿಯಲೆಂದು ಸಾಕಿದ ತಳಿಗಳಿವು. ಸದಾ ಮಣ್ಣು ಕೆದರುತ್ತವೆ. ಕಾಲು ಗಿಡ್ಡ, ಹೊಟ್ಟೆ ನೆಲಕ್ಕೆ ಹತ್ತಿರ. ಹುಲ್ಲು, ಧೂಳು, ಉಣ್ಣಿ ಎಲ್ಲವೂ ಇವಕ್ಕೆ ಬೇಗ ತಾಗುತ್ತವೆ. ಇನ್ನು ವೆಸ್ಟ್ ಹೈಲ್ಯಾಂಡ್ ವೈಟ್‌ನಂಥ ಕೆಲವು ಟೆರಿಯರ್ ತಳಿಗಳಿಗೆ ಅಲರ್ಜಿ ಹುಟ್ಟಿನಿಂದಲೇ ಬರುವ ಗುಣ.

ಎಲ್ಲಿ ತುರಿಸಿಕೊಳ್ಳುತ್ತದೆ ಎಂಬುದನ್ನು ಗಮನಿಸಿದರೆ ಅರ್ಧ ಸುಳಿವು ಸಿಕ್ಕಂತೆ.

ಬಾಲದ ಬುಡದಲ್ಲಿ ಕಚ್ಚಿಕೊಳ್ಳುತ್ತಿದ್ದರೆ ಚಿಗಟ ಇರಬಹುದು. ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಅದರ ಕೂದಲು ಬಾಚಿ ನೋಡಿ. ಉದುರಿದ ಕರಿ ಕಣಗಳು ನೀರಿನಲ್ಲಿ ಕೆಂಪಾಗಿ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ನಾಯಿಯದೇ ರಕ್ತ.

ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ಕಾಳಿನಂತೆ ಅಂಟಿಕೊಂಡಿದ್ದರೆ ಉಣ್ಣಿ. ಅದನ್ನು ಬೆಂಕಿಕಡ್ಡಿಯಿಂದ ಸುಡಬಾರದು, ಬೆರಳಲ್ಲಿ ಹಿಸುಕಬಾರದು. ಸಣ್ಣ ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಬೇಕು. ಒಂದು ಹೆಣ್ಣು ಉಣ್ಣಿ ಸಾವಿರಾರು ತತ್ತಿ ಇಡುತ್ತದೆ, ಅದೂ ಗೋಡೆಯ ಬಿರುಕಿನಲ್ಲಿ. ಹಾಗಾಗಿ ನಾಯಿ ಮಲಗುವ ಜಾಗವನ್ನೂ ನೋಡಬೇಕು. ಉಣ್ಣಿಯಿಂದ ನಾಯಿಗೆ ಜ್ವರ, ರಕ್ತಹೀನತೆ ತರುವ ರೋಗಗಳೂ ಬರುತ್ತವೆ.

ಪಾದಗಳನ್ನು ಸದಾ ನೆಕ್ಕುವುದು, ಮತ್ತೆಮತ್ತೆ ಕಿವಿ ಸೋರುವುದು ಅಲರ್ಜಿಯ ಗುರುತು. ಮೈ ಜಿಡ್ಡಾಗಿ ಮುಗ್ಗಲು ವಾಸನೆ ಬಂದರೆ ಶಿಲೀಂಧ್ರ ಬೆಳೆದಿರಬಹುದು. ಕೂದಲು ದುಂಡಗೆ ಉದುರಿ ಹೊಟ್ಟೆದ್ದರೆ ಗಜಕರ್ಣ ಇರಬಹುದು. ಅದು ಮಕ್ಕಳಿಗೂ ಅಂಟುತ್ತದೆ. ಎಳೆಯ ಮರಿಗೆ ಕಣ್ಣಿನ ಸುತ್ತ ಕೂದಲುದುರಿ, ತುರಿಕೆ ಅಷ್ಟಾಗಿ ಇಲ್ಲದಿದ್ದರೆ ಡೆಮೊಡೆಕ್ಸ್ ಎಂಬ ನುಸಿ ಇರಬಹುದು. ಅದು ಮನುಷ್ಯರಿಗೆ ಅಂಟುವುದಿಲ್ಲ.

ನಿನ್ನ ನಾಯಿಯ ಲಕ್ಷಣ ಬೇರೆ, ತಂಗಿ. ಕಿವಿಯ ಅಂಚಿನಲ್ಲಿ ಕೂದಲುದುರಿದೆ, ತುರಿಕೆ ಜೋರಾಗಿದೆ, ಮನೆಯವರಿಗೂ ಗುಳ್ಳೆ ಎದ್ದಿವೆ. ಈ ಮೂರೂ ಒಟ್ಟಿಗೆ ಕಂಡರೆ ನಾವು ಮೊದಲು ಅನುಮಾನಿಸುವುದು ಸಾರ್ಕಾಪ್ಟಿಸ್ ಎಂಬ ಕಜ್ಜಿನುಸಿಯನ್ನು. ಅದರ ಉದ್ದ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಚರ್ಮದೊಳಗೆ ಸುರಂಗ ಕೊರೆದು ತತ್ತಿ ಇಡುತ್ತದೆ. ನೋಡದೆ ನಾನು ಇದೇ ಎಂದು ಹೇಳುವುದು ತಪ್ಪಾಗುತ್ತದೆ. ಪಶುವೈದ್ಯರು ಬ್ಲೇಡಿನಿಂದ ಚರ್ಮವನ್ನು ಮೆಲ್ಲಗೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಈ ನುಸಿ ಹಲವು ಸಲ ಪರೀಕ್ಷೆಯಲ್ಲಿ ಸಿಗದೆ ತಪ್ಪಿಸಿಕೊಳ್ಳುತ್ತದೆ. ಲಕ್ಷಣ ಸ್ಪಷ್ಟವಾಗಿದ್ದರೆ ನುಸಿ ಸಿಗದಿದ್ದರೂ ಚಿಕಿತ್ಸೆ ಶುರು ಮಾಡುವುದುಂಟು.

ಅವ್ವನಿಗೆ ಇದನ್ನು ಮರೆಯದೆ ಹೇಳು: ನಾಯಿಯ ಕಜ್ಜಿನುಸಿ ಮನುಷ್ಯರ ಮೈಮೇಲೆ ಬಂದು ಕಚ್ಚುತ್ತದೆ, ಆದರೆ ಅಲ್ಲಿ ಸಂಸಾರ ಹೂಡಿ ಬೆಳೆಯಲಾರದು. ನಾಯಿಗೆ ಸರಿಯಾದ ಚಿಕಿತ್ಸೆಯಾದರೆ ನಿಮ್ಮ ಗುಳ್ಳೆಗಳೂ ಸಾಮಾನ್ಯವಾಗಿ ತಾವಾಗಿಯೇ ಮಾಯುತ್ತವೆ. ಆದರೂ ನಿನ್ನ ಕೈಯನ್ನು ಮನುಷ್ಯರ ಡಾಕ್ಟರಿಗೆ ತೋರಿಸಿ, ಮನೆಯಲ್ಲಿ ನಾಯಿ ಇದೆ ಎಂದು ತಿಳಿಸಿ. ಗುಣವಾಗುವವರೆಗೆ ಅದನ್ನು ಅಪ್ಪಿಕೊಳ್ಳಬೇಡ, ಹಾಸಿಗೆಗೆ ಕರೆಯಬೇಡ. ಮುಟ್ಟಿದರೆ ಸೋಪು ಹಚ್ಚಿ ಕೈ ತೊಳೆದುಕೋ.

ಕಜ್ಜಿನುಸಿಗೆ ಈಗ ಒಳ್ಳೆಯ ಗುಳಿಗೆಗಳಿವೆ, ಬೆನ್ನಿಗೆ ಹನಿಸುವ ಔಷಧಗಳೂ ಇವೆ. ಯಾವುದು, ಎಷ್ಟು ಎಂಬುದನ್ನು ನಾಯಿಯ ತೂಕ ನೋಡಿ ವೈದ್ಯರು ಹೇಳಬೇಕು. ತುರಿಕೆ ನಿಂತಿತೆಂದು ಔಷಧ ಅರ್ಧಕ್ಕೆ ಬಿಡಬಾರದು, ಉಳಿದ ತತ್ತಿಗಳಿಂದ ಮತ್ತೆ ಮರಿಗಳಾಗುತ್ತವೆ. ಜೊತೆಯಲ್ಲಿರುವ ಬೇರೆ ನಾಯಿಗಳಿಗೂ ಚಿಕಿತ್ಸೆ ಬೇಕು. ಅದು ಮಲಗುವ ಗೋಣಿಚೀಲ, ಹಳೆ ಚಾದರ ಬಿಸಿನೀರಲ್ಲಿ ಒಗೆದು ಒಣಹಾಕಿ. ಈ ಕೆಲಸಕ್ಕೆ ರಾಯಚೂರು ಸೀಮೆಯ ಬಿಸಿಲಿಗಿಂತ ಒಳ್ಳೆಯ ನೆಂಟ ಇಲ್ಲ.

ಸ್ನಾನಕ್ಕೆ ನಮ್ಮ ಸೋಪು, ಶಾಂಪೂ ಬೇಡ. ನಾಯಿಯ ಚರ್ಮ ನಮ್ಮದಕ್ಕಿಂತ ತೆಳು, ಅದರ ಆಮ್ಲದ ಗುಣವೂ ಕಡಿಮೆ. ವೈದ್ಯರು ಔಷಧದ ಶಾಂಪೂ ಬರೆದುಕೊಟ್ಟರೆ ನೊರೆಯನ್ನು ಹತ್ತು ನಿಮಿಷ ಬಿಟ್ಟು ತೊಳೆಯಿರಿ.

ಇನ್ನು ಊರ ಹೊರಗೆ ಬಿಡುವ ಮಾತು. ಹಸಿವೆ, ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಬಿಟ್ಟ ನಾಯಿಯ ಜೊತೆ ಕಜ್ಜಿ ಬೀದಿನಾಯಿಗಳಿಗೂ ಹಬ್ಬುತ್ತದೆ. ಮಸ್ಕಿಯ ಮಕ್ಕಳಿಗೆ ಅಶೋಕನನ್ನು ಪರಿಚಯಿಸಬೇಕಿಲ್ಲ. 1915ರಲ್ಲಿ ಅವನ ಹೆಸರಿರುವ ಶಾಸನ ಸಿಕ್ಕಿದ್ದು ನಿಮ್ಮೂರ ಬೆಟ್ಟದಲ್ಲೇ. ಅದೇ ಅಶೋಕ ಗಿರ್ನಾರ್, ಎರ್ರಗುಡಿಯ ಬಂಡೆಗಳಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದಾಗಿ ಬರೆಸಿದ್ದಾನೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಅರಸನಿಗೆ ಹೊಳೆದದ್ದು ನಮಗೆ ಹೊಳೆಯದೇ?

ಆದ್ದರಿಂದ ನಾಳೆಯೇ ನಾಯಿಗೆ ಪಟ್ಟಿ ಕಟ್ಟಿ ಅಪ್ಪನ ಜೊತೆ ಸರ್ಕಾರಿ ಪಶು ಆಸ್ಪತ್ರೆಗೆ ಕರೆದೊಯ್ಯಿ. ತುರಿಕೆ ಯಾವಾಗ ಶುರುವಾಯಿತು, ಏನು ತಿನ್ನಿಸುತ್ತೀರಿ, ಈವರೆಗೆ ಏನೇನು ಹಚ್ಚಿದ್ದೀರಿ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗು. ಹಚ್ಚಿದ್ದನ್ನು ಮುಚ್ಚಿಡಬೇಡ, ಯಾರೂ ಬೈಯುವುದಿಲ್ಲ. ಹೊಲದ ಎಣ್ಣೆಯ ಡಬ್ಬಿಯನ್ನು ಮಕ್ಕಳ ಮತ್ತು ನಾಯಿಯ ಬಾಯಿಗೆ ಸಿಗದಂತೆ ಎತ್ತಿ, ಬೀಗ ಹಾಕಿ ಇಡಲು ಅಪ್ಪನಿಗೆ ಹೇಳು. ವೈದ್ಯರು ಏನೆಂದರು ಎಂದು ನನಗೆ ಇನ್ನೊಂದು ಪತ್ರ ಬರೆ. ನಾಯಿಯ ಹೆಸರನ್ನೇ ಬರೆದಿಲ್ಲ, ಅದನ್ನೂ ತಿಳಿಸು.