ಗೋಡೆಯ ತೇವಕ್ಕೆ ವಾಲ್‌ಪೇಪರ್ ಮದ್ದಲ್ಲ

ರಂಜಾನ್ ಹಬ್ಬ ಅಥವಾ ಮದುವೆ ಹತ್ತಿರ ಬಂದರೆ ನಮ್ಮ ಮನೆಗಳಲ್ಲಿ ಸುಣ್ಣ ಬಣ್ಣದ ಮಾತು ಶುರುವಾಗುತ್ತದೆ. ಈಗ ಅದರ ಜೊತೆ ವಾಲ್‌ಪೇಪರ್ ಮಾತೂ ಬರುತ್ತಿದೆ. ಕೆಲಸ ಬೇಗ ಮುಗಿಯುತ್ತದೆ, ಬಣ್ಣದ ವಾಸನೆ ಇಲ್ಲ, ನೋಡಲು ಚೆಂದ. ನಾನು ಅದನ್ನು ಬೇಡ ಎನ್ನುವುದಿಲ್ಲ. ಆದರೆ ಒದ್ದೆ ಗೋಡೆಯನ್ನು ಮುಚ್ಚಲು ಅದನ್ನು ಅಂಟಿಸುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಸುಣ್ಣ ಹೊಡೆದ ಗೋಡೆಯಲ್ಲಿ ತೇವ ಆರಿ ಹೊರಗೆ ಹೋಗುತ್ತದೆ. ಪ್ಲಾಸ್ಟಿಕ್ ಹಾಳೆ ಅದನ್ನು ಒಳಗೇ ತಡೆಯುತ್ತದೆ. ಹಿಂದೆ ಬೂಷ್ಟು ಬೆಳೆಯುತ್ತದೆ, ಅಂಚು ಬಿಟ್ಟುಕೊಳ್ಳುತ್ತದೆ. ಬೂಷ್ಟು ಅಸ್ತಮಾ ಇರುವವರಿಗೆ ತುಂಬಾ ಕೆಟ್ಟದ್ದು. ಮಳೆ ಕಡಿಮೆ ಇರುವ ಜಗಳೂರಿನ ಒಣ ಗೋಡೆಗೆ ಹೊಂದುವುದು ಹೊನ್ನಾಳಿಯ ಹೊಳೆದಂಡೆಯ ಹಳೇ ಮನೆಗೆ ಹೊಂದಬೇಕೆಂದಿಲ್ಲ.

ವಾಣಿಜ್ಯ ವಿದ್ಯಾರ್ಥಿಯಾಗಿ ಲೆಕ್ಕವನ್ನೂ ಹೇಳುತ್ತೇನೆ. ಸಾಮಾನ್ಯ ರೋಲ್ 53 ಸೆಂ.ಮೀ. ಅಗಲ, 10 ಮೀಟರ್ ಉದ್ದ ಇರುತ್ತದೆ. 12 ಅಡಿ ಅಗಲ, 10 ಅಡಿ ಎತ್ತರದ ಗೋಡೆಗೆ 7 ಪಟ್ಟಿ ಬೇಕು. ಒಂದು ರೋಲಿನಲ್ಲಿ 3 ಪಟ್ಟಿ ಸಿಗುತ್ತವೆ. ಅಂದರೆ ಒಂದು ಗೋಡೆಗೇ 3 ರೋಲ್. ಒಂದೇ ಮಳೆಗಾಲಕ್ಕೆ ಕಿತ್ತು ಬಂದರೆ ಆ ಹಣವೆಲ್ಲ ನಷ್ಟದ ಖಾತೆಗೆ.

ಮೊದಲು ತಾರಸಿಯ ಬಿರುಕು, ಸೋರುವ ಪೈಪು ಸರಿಯಾಗಲಿ. ಗೋಡೆ ಪೂರ್ತಿ ಒಣಗಿದ ಮೇಲೆ ಬೇಕಾದ್ದು ಅಂಟಿಸೋಣ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಹೇಳಿ ರಿಪೇರಿ ಮಾಡಿಸಬೇಕು. ನಾವೇ ಮುಚ್ಚಿಬಿಟ್ಟರೆ ಸೋರಿಕೆ ಅವರ ಕಣ್ಣಿಗೂ ಬೀಳುವುದಿಲ್ಲ.

ಹಬ್ಬಕ್ಕೆ ಬಂದವರು ಒಂದು ಗಂಟೆ ಗೋಡೆ ನೋಡಿ ಹೋಗುತ್ತಾರೆ. ಅದರ ಪಕ್ಕ ವರ್ಷವಿಡೀ ಮಲಗುವವರು ನಮ್ಮ ದಾದಿಮಾ, ನಮ್ಮ ತಮ್ಮ ತಂಗಿಯರು.