ಟೇಪ್ ಕೆಟ್ಟರೆ ಸೆಟ್ಟನ್ನೇ ಕಿತ್ತು ಹಾಕಬೇಕೆ?

ಮುದ್ದೇಬಿಹಾಳದಿಂದ ವಿಜಯಪುರಕ್ಕೆ ಸುಮಾರು 80 ಕಿಲೋಮೀಟರ್. ಸಿಂದಗಿಯಿಂದ 60, ಇಂಡಿಯಿಂದ 55ರ ಆಸುಪಾಸು, ಬಸವನ ಬಾಗೇವಾಡಿಯಿಂದ ಇನ್ನೂ ಕಡಿಮೆ. ಕಾರಿನ ಜತೆ ಕಂಪನಿಯಿಂದಲೇ ಬಂದ ಸಿಡಿ ಪ್ಲೇಯರ್ ಕೈಕೊಟ್ಟಾಗ ಜನ ಇಷ್ಟು ದೂರ ಹೋಗಿ ಕೇಳಿಕೊಂಡು ಬರುವ ಉತ್ತರ ಸಾಮಾನ್ಯವಾಗಿ ಒಂದೇ: ‘ಪಾರ್ಟ್ ಸಿಗಲ್ಲ, ಸೆಟ್ಟೇ ಬದಲಿಸಬೇಕು.’ ಇದನ್ನು ಅಷ್ಟು ಬೇಗ ಒಪ್ಪಿಕೊಳ್ಳಬೇಕಾಗಿಲ್ಲ. ಎಷ್ಟೋ ಸಲ ಕೆಟ್ಟಿರುವುದು ಸೆಟ್ ಅಲ್ಲ, ಅದರೊಳಗೆ ಕಡಲೆಕಾಳಿಗಿಂತ ಸಣ್ಣದಾದ ಒಂದು ಲೆನ್ಸ್.

ಈ ಕಾಲದಲ್ಲಿ ಸಿಡಿ ಯಾರು ಕೇಳುತ್ತಾರೆ ಎನ್ನುವವರು ಈ ಭಾಗದ ಹಳೆಯ ಕಾರುಗಳಲ್ಲಿ ಒಮ್ಮೆ ಕೂತು ನೋಡಬೇಕು. ಹತ್ತು–ಹದಿನೈದು ವರ್ಷ ಓಡಿದ ಕಾರನ್ನು ಕೈಬಿಡುವ ರೂಢಿ ಇಲ್ಲಿಲ್ಲ. ಅದರ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನದ ಸಿಡಿ ಇರುತ್ತದೆ, ಜಾತ್ರೆಯಲ್ಲಿ ಕೊಂಡ ಡೊಳ್ಳಿನ ಪದ, ಭಜನಾ ಪದ, ಮೊಹರಂ ಪದಗಳ ಸಿಡಿ ಇರುತ್ತವೆ. 2023ರ ಜನವರಿ 2ರಂದು ಲಿಂಗೈಕ್ಯರಾದ ಸ್ವಾಮೀಜಿಯವರ ಮಾತು ಇಂದು ಮೊಬೈಲಿನಲ್ಲೂ ಸಿಗುತ್ತದೆ, ನಿಜ. ಊರಿನ ಭಜನಾ ಮೇಳದವರು ತಾವೇ ರೆಕಾರ್ಡ್ ಮಾಡಿಸಿ ನಾಲ್ಕು ಮನೆಗೆ ಹಂಚಿದ ಸಿಡಿಯನ್ನು ಮಾತ್ರ ಯಾವ ಆ್ಯಪ್‌ನಲ್ಲೂ ಹುಡುಕಿ ಪ್ರಯೋಜನವಿಲ್ಲ.

ಯಂತ್ರದ ಕೆಲಸ ಬಹಳ ನಾಜೂಕಿನದು. 1982ರ ಅಕ್ಟೋಬರ್‌ನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಸಿಡಿ, ಎರಡೇ ವರ್ಷದಲ್ಲಿ ಕಾರಿನೊಳಗೂ ಹೊಕ್ಕಿತು. ತಟ್ಟೆಯ ಮೇಲಿನ ಒಂದು ಗೆರೆಗೂ ಇನ್ನೊಂದಕ್ಕೂ ನಡುವಿನ ಅಂತರ 1.6 ಮೈಕ್ರೋಮೀಟರ್. ಮಿಲಿಮೀಟರಿನ ಸಾವಿರದ ಒಂದೂವರೆ ಭಾಗ ಎಂದಿಟ್ಟುಕೊಳ್ಳಬಹುದು. ನಿಮಿಷಕ್ಕೆ 200ರಿಂದ 500 ಸುತ್ತು ತಿರುಗುವ ತಟ್ಟೆಯಲ್ಲಿ ಈ ಗೆರೆಯನ್ನು ಕಣ್ಣಿಗೆ ಕಾಣದ ಲೇಸರ್ ಕಿರಣ ಹಿಂಬಾಲಿಸಬೇಕು. ಅದೂ ಎರಿ ಮಣ್ಣಿನ ಧೂಳು ಏಳುವ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ, ರಸ್ತೆಗಿಂತ ಗುಂಡಿಯೇ ಹೆಚ್ಚೆನಿಸುವ ಊರುಗಳಲ್ಲಿ. ಪ್ಲೇಯರ್ ಕೆಡುವುದಕ್ಕಿಂತ ಅದು ಇಷ್ಟು ವರ್ಷ ನಡೆದದ್ದೇ ಆಶ್ಚರ್ಯ.

ಧೂಳು ಕೂತ ಲೆನ್ಸ್ ಮೊದಲು ತಕರಾರು ತೆಗೆಯುವುದು ಅಂಗಡಿಯವರು ಬರೆದು ಕೊಟ್ಟ ಸಿಡಿಗಳ ಮೇಲೆ. ಕಾರ್ಖಾನೆಯಲ್ಲಿ ಅಚ್ಚಾದ ತಟ್ಟೆಗಿಂತ ಇವು ಬೆಳಕನ್ನು ಕಡಿಮೆ ಮರಳಿಸುತ್ತವೆ. ಲೇಸರ್ ಸ್ವಲ್ಪ ಮಂದವಾದರೂ ಓದಲಾಗದು. ಹಾಗಾಗಿ ಒರಿಜಿನಲ್ ಸಿಡಿ ಹಾಡುತ್ತಿದ್ದು, ಜಾತ್ರೆಯ ಸಿಡಿ ಮಾತ್ರ ‘ಎರರ್’ ತೋರಿಸಿದರೆ ಸೆಟ್ ಬದಲಿಸುವ ಮಾತು ಎತ್ತಲೇಬಾರದು. ಸೆಟ್ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಲೆನ್ಸನ್ನು ಮೆತ್ತಗೆ ಒರೆಸಿದರೆ ಹಲವು ಸಲ ಅಲ್ಲಿಗೇ ಮುಗಿಯುತ್ತದೆ. ಬಾಯಿಂದ ಊದುವುದು, ಅಂಗಿಯ ತುದಿಯಿಂದ ತಿಕ್ಕುವುದು ಬೇಡ.

ಇನ್ನೊಂದು ದೂರು ಹೀಗಿರುತ್ತದೆ: ‘ಸಿಡಿ ನುಂಗೈತ್ರಿ, ಹೊರಗ ಉಗುಳವಲ್ದು.’ ಇದರ ಅಪರಾಧಿ ಅನೇಕ ಬಾರಿ ತಟ್ಟೆಯ ಮೇಲೆ ಅಂಟಿಸಿದ ಕಾಗದದ ಲೇಬಲ್. ಬಿಸಿಲಿಗೆ ಅಂಟು ಕರಗಿ, ಲೇಬಲ್ ಸುರುಳಿ ಎದ್ದು, ತಟ್ಟೆಯನ್ನು ಒಳಗೆಳೆಯುವ ರಬ್ಬರ್ ರೋಲರಿಗೆ ಸಿಕ್ಕಿಕೊಳ್ಳುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಆಗ ನಿಜಕ್ಕೂ ಸೆಟ್ ಹೋದಂತೆಯೇ. ಬ್ಯಾಟರಿ ಬದಲಿಸಿದ ಮರುದಿನ ಸೆಟ್ ಸತ್ತಂತೆ ಬಿದ್ದಿದ್ದರೆ ಫ್ಯೂಸ್ ನೋಡಬೇಕು. ಪರದೆಯ ಮೇಲೆ ‘ಕೋಡ್’ ಎಂದು ಬಂದರೆ ಅದು ಕಳ್ಳತನ ತಡೆಯಲು ಕೆಲವು ಕಂಪನಿಗಳು ಇಟ್ಟ ಬೀಗ. ಕಾರು ಕೊಂಡಾಗ ಕೊಟ್ಟ ಪುಸ್ತಕದ ಚೀಲದಲ್ಲಿ ಆ ಸಂಖ್ಯೆಯ ಚೀಟಿ ಇರುವ ಸಾಧ್ಯತೆ ಹೆಚ್ಚು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಟೈರ್ ಒದ್ದು ನೋಡುತ್ತಾರೆಯೇ ಹೊರತು ಈ ಚೀಟಿ ಕೇಳುವುದಿಲ್ಲ.

ಮಾರುತಿ 800ರ ಕಾಲದಲ್ಲಿ ಇಷ್ಟು ಗೊಂದಲ ಇರಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರದ ಕಿಂಡಿ, ಯಾವ ಕಂಪನಿಯ ಟೇಪ್ ತಂದರೂ ಅದರಲ್ಲಿ ಕೂರುತ್ತಿತ್ತು. 2008ರಲ್ಲಿ ಬಂದ ಐ20, 2011ರ ಹೊಸ ಸ್ವಿಫ್ಟ್‌ನಂಥ ಕಾರುಗಳಲ್ಲಿ ಟೇಪ್ ಡ್ಯಾಶ್‌ಬೋರ್ಡಿನ ಮೈಗೇ ಅಂಟಿಕೊಂಡಿತು. ನೋಡಲು ಚೆಂದ. ಕೆಟ್ಟರೆ ಮಾತ್ರ ಫ್ರೇಮ್ ಬೇರೆ, ಕಪ್ಲರ್ ಬೇರೆ, ಸ್ಟೇರಿಂಗ್ ಮೇಲಿನ ಬಟನ್ನಿಗೆ ಇನ್ನೊಂದು ಡಬ್ಬಿ ಬೇರೆ.

ಬದಲಿಸುವುದು ಅನಿವಾರ್ಯವಾದ ಸಂದರ್ಭಗಳೂ ಇವೆ. ಲೇಸರ್ ಪೂರ್ತಿ ಹೋಗಿ, ಅದೇ ನಮೂನೆಯ ಪಿಕಪ್ (ಲೇಸರ್, ಲೆನ್ಸ್ ಕೂಡಿದ ಬಿಡಿಭಾಗ) ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಸಿಗದಿದ್ದರೆ ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ. ಆದರೂ ಸೆಟ್ಟಿನಲ್ಲಿ ಯುಎಸ್‌ಬಿ ಅಥವಾ ಆಕ್ಸ್ ಕಿಂಡಿ ಇದ್ದು ರೇಡಿಯೊ ಸರಿಯಾಗಿದ್ದರೆ, ಸಿಡಿಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಹಳೆಯದನ್ನೇ ಮುಂದುವರಿಸುವುದು ಜಾಣತನ. ಹೊಸದನ್ನು ಹಾಕಿಸುವವರು ಒಂದು ವಿಷಯದಲ್ಲಿ ಮುಲಾಜು ನೋಡಬಾರದು: ಕಂಪನಿಯ ವೈರ್ ಕತ್ತರಿಸಲು ಬಿಡಬಾರದು. ಕಾರಿಗೆ ಹೊಂದುವ ಕಪ್ಲರ್ ತರಿಸಿಯೇ ಜೋಡಿಸಬೇಕು. ಹೊರಗಿನ ಸೆಟ್ಟುಗಳಲ್ಲಿ ಹಳದಿ ವೈರಿಗೆ ಸದಾ ಕರೆಂಟ್ ಬೇಕು, ಕೆಂಪಿಗೆ ಚಾವಿ ತಿರುಗಿಸಿದಾಗ ಮಾತ್ರ. ಎರಡನ್ನೂ ಒಟ್ಟಿಗೆ ಕಟ್ಟಿ ಬ್ಯಾಟರಿಗೆ ನೇರ ಕೊಟ್ಟರೆ, ನಾಲ್ಕು ದಿನ ನಿಲ್ಲಿಸಿದ ಕಾರು ಐದನೆಯ ದಿನ ತಳ್ಳಿದರೇ ಚಾಲೂ.

ಆದರೆ ಇದು ಕೇವಲ ಮಾಲೀಕನ ಜಾಣತನದ ಪ್ರಶ್ನೆಯಲ್ಲ. ತಾಲ್ಲೂಕು ಕೇಂದ್ರದ ಎಲೆಕ್ಟ್ರಾನಿಕ್ಸ್ ರಿಪೇರಿಯವರಿಗೆ ಕೈಚಳಕ ಕಡಿಮೆ ಇಲ್ಲ; ಟಿ.ವಿ., ಆಂಪ್ಲಿಫೈಯರ್ ಬಿಚ್ಚಿ ಕಟ್ಟಿದ ಕೈಗಳವು. ಅವರಿಗೆ ಸಿಗದಿರುವುದು ಸರ್ಕ್ಯೂಟ್ ನಕ್ಷೆ ಮತ್ತು ಬಿಡಿಭಾಗ. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು ₹2,544.65 ಕೋಟಿ ದಂಡ ಹಾಕಿದ್ದು ಇದೇ ಕಾರಣಕ್ಕೆ: ಅಸಲಿ ಬಿಡಿಭಾಗಗಳನ್ನು, ತಾಂತ್ರಿಕ ಕೈಪಿಡಿಗಳನ್ನು, ದೋಷ ಪತ್ತೆ ಮಾಡುವ ಸಾಧನಗಳನ್ನು ಅವು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದವು. ಹೊರಗೆ ರಿಪೇರಿ ಮಾಡಿಸಿದರೆಂಬ ಒಂದೇ ನೆಪಕ್ಕೆ ಇಡೀ ವಾರಂಟಿ ರದ್ದು ಮಾಡುವ ಷರತ್ತು ಹಾಕಬಾರದೆಂದೂ ಆಯೋಗ ಹೇಳಿತು. ದಂಡದ ವಿಚಾರ ಮೇಲ್ಮನವಿಗಳಿಗೆ ಹೋಯಿತು. ತಾಲ್ಲೂಕಿನ ಗ್ಯಾರೇಜಿಗೆ ಕೈಪಿಡಿ ಬರಲಿಲ್ಲ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ರಿಪೇರಿ ಹಕ್ಕು’ ಕುರಿತು ಸಮಿತಿ ಮಾಡಿ, ಅದೇ ಡಿಸೆಂಬರ್‌ನಲ್ಲಿ ಪೋರ್ಟಲ್ ತೆರೆಯಿತು. ಮೊಬೈಲ್, ಗೃಹೋಪಕರಣ, ಕೃಷಿ ಯಂತ್ರಗಳ ಜತೆ ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಜನ 2012ರಲ್ಲೇ ಮತ ಹಾಕಿ ವಾಹನ ರಿಪೇರಿ ಹಕ್ಕನ್ನು ಗಳಿಸಿಕೊಂಡರು. ಇಲ್ಲಿ ಬೇಕಿರುವುದೂ ಪೋರ್ಟಲ್ ಅಲ್ಲ, ಕಾನೂನು. ಒಂದು ಮಾದರಿಯ ಮಾರಾಟ ನಿಂತ ಮೇಲೆ ಎಷ್ಟು ವರ್ಷ ಬಿಡಿಭಾಗ ಕೊಡಬೇಕು, ನಕ್ಷೆಯನ್ನು ಯಾವ ಬೆಲೆಗೆ ಯಾರಿಗೆ ಕೊಡಬೇಕು ಎಂದು ಅದರಲ್ಲಿ ಬರೆದಿರಬೇಕು. ತಾಲ್ಲೂಕುಗಳ ಐಟಿಐಗಳಲ್ಲಿ ಎಲೆಕ್ಟ್ರಾನಿಕ್ಸ್ ಕಲಿಯುವ ಹುಡುಗರಿಗೆ ಆ ನಕ್ಷೆಗಳೇ ಪಾಠವಾಗಬಹುದು.

ಅಲ್ಲಿಯವರೆಗೆ ಗ್ರಾಹಕರ ಕೈಯಲ್ಲಿರುವುದು ಬಿಲ್. ಯಾವ ಭಾಗ ಹೋಗಿದೆ, ಏಕೆ ಸಿಗುವುದಿಲ್ಲ ಎಂಬುದನ್ನು ಸರ್ವಿಸ್ ಸೆಂಟರಿನವರಿಂದ ಬರೆಸಿಕೊಳ್ಳಬೇಕು, ಕಳಚಿದ ಹಳೆಯ ಸೆಟ್ ವಾಪಸ್ ಕೇಳಬೇಕು. ಗ್ರಾಹಕ ಸಹಾಯವಾಣಿ 1915ಕ್ಕೆ ಮನೆಯಿಂದಲೇ ಫೋನ್ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ಕಂಪನಿಯ ಕಚೇರಿ ಎಲ್ಲೇ ಇರಲಿ, ದೂರನ್ನು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ಸಲ್ಲಿಸಬಹುದು. ಕೊಟ್ಟ ಹಣ ₹5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.